ಅಪ್ಪ ಬಸ್ಸಿನಲ್ಲಿ ಬರುತ್ತಿದ್ದ ದಿನಗಳು

ಟ್ರ್ಯಾಕ್ಟರ್ ಓಡಿಸಿದವನಿಗೆ ಲಾರಿ ಏನು ಮಹಾ ಎಂದು ಅಂದುಕೊಂಡಿದ್ದೆ. ಬರೀ ಅಂದುಕೊಂಡಿದ್ದರೆ ಪರವಾಗಿರಲಿಲ್ಲ, ಡಿಪೋದಲ್ಲಿ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿಯೂಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಐದು ತಿಂಗಳು ಆ ಒಂದು ಮಾತನ್ನು ಜನ ನನಗೆ ತಿರುಗಿ ತಿರುಗಿ ಉಣ್ಣಿಸಿದರು.

ಆ ಡಿಪೋ ದಿಲ್‌ಸುಖ್‌ನಗರ ದಾಟಿ ಹೆದ್ದಾರಿಯ ಬದಿಗಿತ್ತು. ಶಾಬಾದಿ ಪರಸಿ ಕಲ್ಲಿನ ಡಿಪೋ. ಈಗ ಹೈದರಾಬಾದಿನಲ್ಲಿ ಮನೆಯೊಳಗೆ ಯಾರೂ ಪರಸಿ ಹಾಸುವುದಿಲ್ಲ. ಒಳಗೆಲ್ಲ ಹೊಳೆಯುವ ಟೈಲ್ಸು, ಪಾರ್ಕಿಂಗಿಗೆ, ಕಾಂಪೌಂಡಿಗೆ, ಮಾಳಿಗೆಗೆ ಮಾತ್ರ ನಮ್ಮ ಕಲ್ಲು. ಆದರೂ ವಾರಕ್ಕೆ ನಾಲ್ಕೈದು ಲೋಡು ಹೋಗುತ್ತಿತ್ತು. ಅಪ್ಪ ಅಲ್ಲಿ ಇಪ್ಪತ್ತು ವರ್ಷದಿಂದ ಹಮಾಲಿ ಮಾಡುತ್ತಿದ್ದ. ನಾನು ಸಿಂಧನೂರು ಕಡೆ ಭತ್ತದ ಗದ್ದೆಗಳಲ್ಲಿ ಒಬ್ಬ ಸಾಹುಕಾರರ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದವನು, ಇಪ್ಪತ್ತೇಳನೆಯ ವಯಸ್ಸಿಗೆ ಅಪ್ಪ ಅವ್ವ ಇದ್ದಲ್ಲಿಗೆ ಬಂದು ಸೇರಿದೆ. ಆರು ತಿಂಗಳು ಅಪ್ಪನ ಜೊತೆ ಕಲ್ಲು ಹೊತ್ತೆ. ನನ್ನ ಬೆನ್ನಿಗೆ ಅದು ಒಗ್ಗಲಿಲ್ಲ ಅನ್ನುವುದಕ್ಕಿಂತ, ನನ್ನ ಜಂಬಕ್ಕೆ ಒಗ್ಗಲಿಲ್ಲ ಅನ್ನುವುದು ನಿಜ.

ಡಿಪೋದ ಲಾರಿ ಹಳೆಯದು, ಆರು ಚಕ್ರದ್ದು. ಅದನ್ನು ಓಡಿಸುತ್ತಿದ್ದವರು ಕಲಬುರಗಿ ಕಡೆಯ ಒಬ್ಬ ಮುದುಕರು. ನಾವೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದೆವು. ಅವರ ಎಡಮಂಡಿ ಕೆಟ್ಟುಹೋಗಿತ್ತು. ಲಾರಿ ಇಳಿಯುವಾಗ ಮೊದಲು ಬಾಗಿಲು ಹಿಡಿದು ಒಂದು ನಿಮಿಷ ನಿಲ್ಲುತ್ತಿದ್ದರು, ಆಮೇಲೆ ಕಾಲು ನೆಲಕ್ಕಿಡುತ್ತಿದ್ದರು. "ಮೂವತ್ತು ವರ್ಷ ಈ ಕಾಲು ಕ್ಲಚ್ ತುಳದೈತಿ. ಈಗ ಅದು ನನ್ನ ತುಳಿಯಾಕತ್ತೈತಿ" ಅನ್ನುತ್ತಿದ್ದರು. ಸ್ಟೇರಿಂಗ್ ಹಿಡಿಯಲು ಬೇರೆ ಯಾರಾದರೂ ಸಿಕ್ಕರೆ ತಾವು ಮನೆಯಲ್ಲಿ ಕೂರುವುದಾಗಿ ಡಿಪೋದ ತೆಲುಗು ಮಾಲೀಕರಿಗೆ ಹೇಳಿಯೂ ಆಗಿತ್ತು. ಆಗಲೇ ನಾನು ಆ ದೊಡ್ಡ ಮಾತು ಆಡಿದ್ದು.

"ಹಂಗಾರ ಹತ್ತು" ಅಂದರು ಚಾಚಾ.

ಹತ್ತಿದೆ. ಕ್ಲಚ್ ತುಳಿದೆ, ಗೇರ್ ಹಾಕಿದೆ, ನಮ್ಮ ಗದ್ದೆಯಲ್ಲಿ ಬಿಡುವ ಹಾಗೆ ಝಾಡಿಸಿ ಕ್ಲಚ್ ಬಿಟ್ಟೆ. ಕೆಸರಿನಲ್ಲಿ ಮೆಲ್ಲಗೆ ಬಿಟ್ಟರೆ ಗಾಲಿ ಹೂತುಕೊಳ್ಳುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹಾಗೇ ಬಿಡುವುದು. ಲಾರಿ ಒಮ್ಮೆ ಹಾರಿ, ಕೆಮ್ಮಿ, ನಿಂತುಹೋಯಿತು. ಚಾಚಾರ ಟೋಪಿ ಅವರ ಮಡಿಲಿಗೆ ಬಿತ್ತು. ಖಾಲಿ ಲಾರಿಯ ಹಿಂಬದಿಯ ಬಾಗಿಲು, ನಮ್ಮ ಬಾಯಲ್ಲಿ ಫಾಳಕ, ಧಡಾರನೆ ಬಡಿದುಕೊಂಡಿತು. ಡಿಪೋದಲ್ಲಿದ್ದ ಹಮಾಲರಿಬ್ಬರು ನಕ್ಕರು. ಅಪ್ಪ ನಗಲಿಲ್ಲ. ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟು ನೀರು ಕುಡಿಯಲು ಹೋದ.

ಅಪ್ಪ ಯಾಕೆ ನಗಲಿಲ್ಲ ಎಂದು ಹೇಳಬೇಕಾದರೆ ಪರಸಿ ಕಲ್ಲನ್ನು ಲಾರಿಗೆ ಹೇಗೆ ತುಂಬುತ್ತಾರೆ ಎನ್ನುವುದನ್ನು ಹೇಳಬೇಕು. ಮಲಗಿಸಿ ಪೇರಿಸಿದರೆ ಒಡೆಯುತ್ತದೆ, ಅದಕ್ಕೇ ನಿಲ್ಲಿಸಿ ತುಂಬುವುದು. ಮೊದಲ ಸಾಲು ಕ್ಯಾಬಿನ್ ಕಡೆಗೆ ಒರಗಿರುತ್ತದೆ, ಅದಕ್ಕೆ ಒರಗಿ ಎರಡನೆಯದು, ಹೀಗೆ ಹಿಂದಿನ ತನಕ. ನಡುವೆ ಹುಲ್ಲು. ಕೊನೆಯ ಸಾಲಿಗೆ ಹಗ್ಗ ಬಿಗಿದು, ಆ ಹಗ್ಗದ ಹತ್ತಿರ ಒಬ್ಬ ಕೂರುತ್ತಾನೆ. ದಾರಿಯಲ್ಲಿ ಕಲ್ಲು ಕೂತು ಹಗ್ಗ ಸಡಿಲವಾದರೆ ಮತ್ತೆ ಬಿಗಿಯುವುದು ಅವನ ಕೆಲಸ. ಬ್ರೇಕ್ ಹಾಕಿದರೆ ಅವನಿಗೇನೂ ಆಗುವುದಿಲ್ಲ, ಕಲ್ಲು ಕ್ಯಾಬಿನ್ ಕಡೆಗೇ ಒತ್ತುತ್ತದೆ. ನಿಂತ ಲಾರಿಯನ್ನು ಎಳೆದು ಎಬ್ಬಿಸಿದರೆ ಮಾತ್ರ ಕಲ್ಲು ಹಿಂದಕ್ಕೆ ಬರುತ್ತದೆ, ಅವನ ಮೇಲೆ. ಬಹಳ ಹಿಂದೆ, ಚಾಚಾ ಬರುವುದಕ್ಕೂ ಮೊದಲು, ಒಬ್ಬ ಡ್ರೈವರ್ ಹಾಗೆ ಎಬ್ಬಿಸಿ ಅಪ್ಪನ ಬಲಗಾಲಿನ ಎರಡು ಬೆರಳು ಹೋಗಿದ್ದವು. ಅಂದಿನಿಂದಲೂ ಹಗ್ಗದ ಹತ್ತಿರ ಕೂರುವವನು ಅಪ್ಪನೇ. ಬೇರೆಯವರಿಗೆ ಆ ಜಾಗ ಕೊಡಲು ಅವನಿಗೆ ಮನಸ್ಸಿರಲಿಲ್ಲ.

ಚಾಚಾ ನನಗೆ ಭಾನುವಾರ ಮತ್ತು ಲೋಡ್ ಇಲ್ಲದ ಮಧ್ಯಾಹ್ನಗಳಲ್ಲಿ ಕಲಿಸತೊಡಗಿದರು. ಡಿಪೋದ ಹಿಂದೆ ಯಾರೋ ಅಪಾರ್ಟ್‌ಮೆಂಟ್ ಕಟ್ಟಬೇಕೆಂದು ಸಮ ಮಾಡಿ ಬಿಟ್ಟಿದ್ದ ದೊಡ್ಡ ಜಾಗವಿತ್ತು. ಮೊದಲ ದಿನವೇ ನನ್ನ ಎಡಗಾಲಿನ ಚಪ್ಪಲಿ ಬಿಡಿಸಿದರು. ಎರಡನೆಯ ದಿನ ಎಕ್ಸಲೇಟರ್ ಮುಟ್ಟಬಾರದು ಅಂದರು. ಸಮ ನೆಲದ ಮೇಲೆ ಡೀಸೆಲ್ ಗಾಡಿ ಬರೀ ಕ್ಲಚ್ಚಿನಿಂದಲೇ ಹೊರಡುತ್ತದೆ ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

"ಕ್ಲಚ್ ಅಂದ್ರ ಬಿಡೂದಲ್ಲ ತಮ್ಮಾ, ಬಿಡ್ತಾ ಬಿಡ್ತಾ ನಡುವ ನಿಂದ್ರೂದು. ಹಾಲು ಉಕ್ಕೂಕಿಂತ ಮುಂಚೆ ಒಂದು ಗಳಿಗಿ ಸುಮ್ನಾಗತೈತಿ ನೋಡು, ಹಂಗ ಇಂಜಿನ್ನೂ ಒಂದು ಗಳಿಗಿ ತಗ್ಗಿ ಮಾತಾಡತೈತಿ. ಅಲ್ಲಿ ಕಾಲು ನಿಂದ್ರಸು. ಗಾಡಿ ತಾನೇ ಹೊಂಡತೈತಿ, ನೀ ಅದನ್ನ ನೂಕಬ್ಯಾಡ."

ಹೇಳುವುದು ಸುಲಭ. ನನ್ನ ಕಾಲಿಗೆ ಹತ್ತು ವರ್ಷದ ಗದ್ದೆಯ ಅಭ್ಯಾಸ. ಕೈಗೂ ಅಷ್ಟೇ. ಟ್ರ್ಯಾಕ್ಟರಿನಲ್ಲಿ ಸ್ಟೇರಿಂಗಿನ ಕೆಳಗೆ ಕೈಯಿಂದ ಎಳೆಯುವ ಎಕ್ಸಲೇಟರ್ ಇರುತ್ತದೆ. ಲಾರಿ ಹೊರಡದೆ ನಡುಗಿದಾಗಲೆಲ್ಲ ನನ್ನ ಬಲಗೈ ತಂತಾನೇ ಅದನ್ನು ಹುಡುಕಿಕೊಂಡು ಹೋಗುತ್ತಿತ್ತು. "ಅಲ್ಲೇನು ತಡಕಾಡ್ತಿ? ಅಲ್ಲಿ ನಿಮ್ಮ ಸಾಹುಕಾರನ ಹೊಲ ಐತೇನು?" ಎಂದು ಚಾಚಾ ನನ್ನ ಕೈ ಮೇಲೆ ತಟ್ಟುತ್ತಿದ್ದರು. ಗೇರ್ ವಿಷಯವಂತೂ ಇನ್ನೂ ಕಷ್ಟ. ಹೊಲದಲ್ಲಿ ನಿಂತಲ್ಲೇ ಗೇರ್ ಆರಿಸಿಕೊಂಡು, ಸಂಜೆಯ ತನಕ ಅದರಲ್ಲೇ ಹೋಗುವವರು ನಾವು. ಇಲ್ಲಿ ಓಡುತ್ತಿರುವಾಗಲೇ ಬದಲಿಸಬೇಕು, ಅದೂ ಹಳೆಯ ಗಾಡಿಯಾದ್ದರಿಂದ ಎರಡು ಸಲ ಕ್ಲಚ್ ತುಳಿದು. ತುಳಿ, ನ್ಯೂಟ್ರಲ್ ಮಾಡು, ಬಿಡು, ಮತ್ತೆ ತುಳಿ, ಹಾಕು. ನಾನು ಹಾಕಿದಾಗೆಲ್ಲ ಗರಗರ ಎಂದು ಗೇರ್‌ಬಾಕ್ಸ್ ಹಲ್ಲು ಕಡಿಯುತ್ತಿತ್ತು. ನಾನೂ ಹಲ್ಲು ಕಡಿಯುತ್ತಿದ್ದೆ. ಒಂದು ದಿನ ಲಾರಿ ಅಲ್ಲೇ ಬಿಟ್ಟು, ಕೀಲಿ ಚಾಚಾರ ಮಡಿಲಿಗೆ ಎಸೆದು ನಡೆದುಬಿಟ್ಟೆ. ಅರ್ಧ ಗಂಟೆಯ ಮೇಲೆ ಚಹಾ ಕುಡಿದು ವಾಪಸ್ ಬಂದಾಗ, ಅವರು ಲಾರಿಯ ಹಿಂದೆ ನಿಂತು ಏನೋ ಮಾಡಿಸುತ್ತಿದ್ದರು.

ಒಡೆದ ಪರಸಿ ತುಂಡುಗಳನ್ನು ಹಮಾಲರ ಕೈಯಲ್ಲಿ ಹತ್ತಿಸಿ, ಲೋಡಿನ ಹಾಗೆಯೇ ಸಾಲಾಗಿ ಒರಗಿಸಿದ್ದರು. ಒಂದೇ ವ್ಯತ್ಯಾಸ, ನಡುವೆ ಹುಲ್ಲು ಹಾಕಿರಲಿಲ್ಲ.

"ಹುಲ್ಲು ಇದ್ರ ಕಲ್ಲು ನಿನ್ನ ತಪ್ಪು ಮುಚ್ಚಿಡ್ತಾವ" ಅಂದರು. "ಈಗ ಹೇಳ್ತಾವ. ನಾ ಇನ್ನ ಬಾಯಿ ತೆಗಿಯೂದಿಲ್ಲ."

ನಿಜವಾಗಿಯೂ ತೆಗೆಯಲಿಲ್ಲ. ಮುಂದೆ ನಾನು ಹೊರಟಾಗೆಲ್ಲ ಹಿಂದಿನಿಂದ ಕಲ್ಲುಗಳೇ ಮಾತಾಡಿದವು. ಝಾಡಿಸಿದರೆ ಖಣ್ ಎಂದು ಇಡೀ ಸಾಲು. ಸ್ವಲ್ಪ ಮೆಲ್ಲಗಾದರೆ ಟಕ್ ಟಕ್ ಎಂದು ನಾಲ್ಕೋ ಐದೋ. ಎರಡನೆಯ ಗೇರಿಗೆ ಹೋಗುವಾಗ ಮತ್ತೆ ಒಂದಿಷ್ಟು. ನಾನು ಕಾಲನ್ನು ನೋಡುವುದು ಬಿಟ್ಟು ಕಿವಿಯಿಂದ ಓಡಿಸಲು ಕಲಿತೆ. ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಕ್ಲಚ್ ಬಿಡುತ್ತ ಇಂಜಿನ್ ತಗ್ಗಿದ ಜಾಗದಲ್ಲಿ ಕಾಲು ನಿಲ್ಲಿಸಿದೆ, ಕಾದೆ, ಹಿಂದೆ ಏನೂ ಕೇಳಿಸಲಿಲ್ಲ. ಲಾರಿ ಹೊರಟೇ ಇಲ್ಲ ಅಂದುಕೊಂಡೆ. ಕಿಟಕಿಯಿಂದ ನೋಡಿದರೆ ಬೇಲಿಯ ಕಲ್ಲುಕಂಬ ಮೆಲ್ಲಗೆ ಹಿಂದಕ್ಕೆ ಹೋಗುತ್ತಿತ್ತು. ಚಾಚಾ ಟೋಪಿ ತೆಗೆದು ತಲೆ ಕೆರೆದುಕೊಂಡು, "ಅಲ್ಲಾ ದೊಡ್ಡಾಂವ" ಅಂದರು. ನಾನು ಅಂದು ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದೆ.

ಹೆವಿ ಲೈಸೆನ್ಸ್ ಕೈಗೆ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಪರೀಕ್ಷೆ ನಡೆದದ್ದು ಸಮ ನೆಲದ ಮೇಲೆ, ಅದರಲ್ಲಿ ಹೇಳುವಂಥದ್ದೇನಿಲ್ಲ. ಬಂದ ದಿನ ಅವ್ವ ಹುಗ್ಗಿ ಮಾಡಿದಳು. ಮರುದಿನ ಬೆಳಿಗ್ಗೆ ಮೊದಲ ಲೋಡು. ನಾನು ಸ್ಟೇರಿಂಗ್ ಮುಂದೆ, ಚಾಚಾ ಪಕ್ಕದಲ್ಲಿ. ಅಪ್ಪ ತಾನೇ ನಿಂತು ಕಲ್ಲು ಒರಗಿಸಿದ, ಹುಲ್ಲು ತುಂಬಿದ, ಹಗ್ಗ ಎರಡು ಸಲ ಎಳೆದು ನೋಡಿದ. ಆಮೇಲೆ ಕೆಳಗಿಳಿದು ಟವೆಲ್ ಹೆಗಲಿಗೆ ಹಾಕಿಕೊಂಡ.

"ನೀವು ನಡೀರಿ. ನಾ ಬಸ್ಸಿಗೆ ಬರ್ತೀನಿ."

ಅಪ್ಪ ಬಸ್ಸಿಗೆ ಬಂದರೆ ಹಗ್ಗದ ಹತ್ತಿರ ಯಾರು? ಉಳಿದ ಇಬ್ಬರು ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯವನು ನಮ್ಮ ಊರಿನ ಕಡೆಯವನೇ, ಬಾಯಿ ಜೋರು. "ಹೆತ್ತ ಅಪ್ಪನೇ ಬಸ್ಸಿಗೆ ಹೊಂಟಾನಂದ್ರ, ನಾವೇನು ಇವನ ಕೂಡ ಸಾಯಾಕ ಹುಟ್ಟೀವೇನು?" ಅಂದ. ತಮಾಷೆಗೇ ಅಂದದ್ದು, ಆದರೆ ಅವನೂ ಹತ್ತಲಿಲ್ಲ. ಕೊನೆಗೆ ಚಾಚಾ ಇಳಿದು ಬಂದು, ನನ್ನ ಕಡೆಯ ಬಾಗಿಲು ತೆಗೆದು, ನನ್ನನ್ನು ಪಕ್ಕಕ್ಕೆ ಸರಿಸಿ, ಆ ಕೆಟ್ಟ ಮಂಡಿಯನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಸ್ಟೇರಿಂಗ್ ಹಿಡಿದರು. ಅವರು ಹಿಡಿದ ಕೂಡಲೇ ಅಪ್ಪ ಹತ್ತಿದ, ಉಳಿದವರೂ ಹತ್ತಿದರು.

ಒಂದು ತಿಂಗಳು ಇದೇ ಕಥೆ. ಖಾಲಿ ಲಾರಿಯನ್ನು ನಾನು ತರುತ್ತಿದ್ದೆ, ಲೋಡನ್ನು ಚಾಚಾ ಒಯ್ಯುತ್ತಿದ್ದರು. ಎರಡು ಸಲ ಮಾಲೀಕರ ಒತ್ತಾಯಕ್ಕೆ ಚಿಕ್ಕ ಲೋಡನ್ನು ನಾನೇ ಒಯ್ದೆ, ಹಗ್ಗದ ಹತ್ತಿರ ಯಾರೂ ಇಲ್ಲದೆ. ಆಗಲೂ ಅಪ್ಪ ಬಸ್ಸಿನಲ್ಲಿ ಬಂದ. ದಿಲ್‌ಸುಖ್‌ನಗರದ ಸ್ಟಾಪಿನಲ್ಲಿ ಕೋಚಿಂಗಿಗೆ ಹೋಗುವ ಹುಡುಗ ಹುಡುಗಿಯರ ನಡುವೆ, ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದ ಅವನನ್ನು ನಾನು ಲಾರಿಯಿಂದ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದನೋ ಏನೋ, ಗುರುತು ತೋರಿಸಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಗೇರ್ ಗರಗರ ಅಂತು.

ಆ ದಿನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಸರ್ಕಾರ ನಂಬಿ ಲೈಸೆನ್ಸ್ ಕೊಟ್ಟೈತಿ. ನಿನಗ ಮಗನ ಮ್ಯಾಲೆ ನಂಬಿಕಿ ಇಲ್ಲೇನು ಯಪ್ಪಾ?"

ಅಪ್ಪ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಲಿಲ್ಲ. "ನಿನ್ನ ಮ್ಯಾಲೆ ಐತಿ. ನಿನ್ನ ಕಾಲಿನ ಮ್ಯಾಲೆ ಇಲ್ಲ."

"ಸರ್ಕಾರ ಬಂದು ಹಗ್ಗದ ಬಾಜೂಕ ಕೂಡ್ರೂದಿಲ್ಲ" ಎಂದೂ ಸೇರಿಸಿದ. ಅವ್ವ, "ಉಣ್ಣೂವಾಗ ಲಾರಿ ಮನಿಯೊಳಗ ತರಬ್ಯಾಡ್ರಿ" ಎಂದು ಇಬ್ಬರಿಗೂ ಪಲ್ಯ ಬಡಿಸಿದಳು. ನಾನು ತಟ್ಟೆ ಬಿಟ್ಟು ಎದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವನ ಕಾಲು ನನ್ನ ಎದುರಿಗೇ ಇತ್ತು, ಚಕ್ಕಳಮಕ್ಕಳ ಹಾಕಿದ ಬಲಗಾಲು, ಮೂರೇ ಬೆರಳು. ನಾನು ನೋಡಿದ್ದು ನನ್ನ ಅವಮಾನವನ್ನು ಮಾತ್ರ.

ಹೀಗಿರುವಾಗ ಒಂದು ಬೆಳಿಗ್ಗೆ ಚಾಚಾರ ಮಂಡಿ ಊದಿ ಬಂತು. ಡಿಪೋ ತನಕ ಆಟೋದಲ್ಲಿ ಬಂದರು, ಲಾರಿಯ ಮೆಟ್ಟಿಲು ಹತ್ತಲು ಆಗಲಿಲ್ಲ. ಎರಡು ಸಲ ಪ್ರಯತ್ನಪಟ್ಟು, ಬೆವರು ಒರೆಸಿಕೊಂಡು ಕಲ್ಲಿನ ರಾಶಿಯ ಮೇಲೆ ಕೂತರು. ತಾರ್ನಾಕದಲ್ಲಿ ಹಳೆಯ ಮನೆಯೊಂದರ ಅಂಗಳಕ್ಕೆ ದೊಡ್ಡ ಅಳತೆಯ ಪರಸಿ ಹೋಗಬೇಕಿತ್ತು. ಮೇಸ್ತ್ರಿ ಕಾಯುತ್ತಿದ್ದ. ದೊಡ್ಡ ಗಾಡಿಗಳನ್ನು ಊರೊಳಗೆ ಬಿಡುವ ಹೊತ್ತು ಮುಗಿಯುವ ಮೊದಲು ಒಳಗೆ ಹೋಗಿ ಸೇರಬೇಕು. ಅಷ್ಟು ಎತ್ತರದ ಕಲ್ಲನ್ನು ಹಗ್ಗದ ಹತ್ತಿರ ಯಾರೂ ಇಲ್ಲದೆ ಒಯ್ಯುವುದು ಸಾಧ್ಯವೇ ಇರಲಿಲ್ಲ. ಮಾಲೀಕರು ನನ್ನ ಮುಖ ನೋಡಿದರು, ನಾನು ಹಮಾಲರ ಮುಖ ನೋಡಿದೆ, ಹಮಾಲರು ಅಪ್ಪನ ಮುಖ ನೋಡಿದರು.

ಅಪ್ಪ ನೋಡಿದ್ದು ಚಾಚಾರ ಮಂಡಿಯನ್ನು. ಬಹಳ ಹೊತ್ತು ನೋಡಿದ. ಬೆರಳು ಹೋದ ದಿನದ ಸಿಟ್ಟೆಲ್ಲ ಅವನ ಮುಖದಲ್ಲಿ ಬಂದು ಹೋದ ಹಾಗಾಯಿತು. ಆಮೇಲೆ ಲಾರಿಯ ಹಿಂದಕ್ಕೆ ಹೋಗಿ ಫಾಳಕ ಹಿಡಿದ.

"ತಾರ್ನಾಕಕ್ಕ ಹೋಗೂ ಮುಂದ ಏರು ಬರತೈತಿ, ಸಿಗ್ನಲ್ ಇರೂದು" ಅಂದ. "ಅದರ ಈಚೆ ಗಾಡಿ ನಿಲ್ಲಸು. ನಾ ಇಳದು ನಡಕೊಂತ ಏರ್ತೀನಿ. ಮ್ಯಾಲೆ ಹೋಗಿ ಮತ್ತ ಹತ್ತತೀನಿ."

"ಆತು" ಅಂದೆ. ನನಗೆ ಅಷ್ಟು ಸಿಕ್ಕರೂ ಸಾಕಾಗಿತ್ತು. ಹಮಾಲರಿಬ್ಬರು ಕ್ಯಾಬಿನ್ನಿನಲ್ಲಿ ನನ್ನ ಪಕ್ಕ ಕೂತರು. ಬಾಯಿ ಜೋರಿನವನು ಬಾಗಿಲ ಪಕ್ಕವೇ ಬೇಕೆಂದು ಹಟ ಹಿಡಿದ, ಕಡೆಗೊಮ್ಮೆ ಹಾರಲು ಅನುಕೂಲ ಎಂದು. ಚಪ್ಪಲಿ ಬಿಟ್ಟೆ. ಕ್ಲಚ್ಚಿನ ಮೇಲೆ ಬರಿಗಾಲು ತಣ್ಣಗಿತ್ತು. ಡಿಪೋದಿಂದ ಹೊರಟದ್ದು ಚೆನ್ನಾಗಿಯೇ ಆಯಿತು. ಎರಡಕ್ಕೆ ಹಾಕಿದೆ, ಮೂರಕ್ಕೆ ಹಾಕಿದೆ. ಹುಲ್ಲು ತುಂಬಿದ್ದರಿಂದ ಹಿಂದೆ ಕಲ್ಲೇನು ಹೇಳುತ್ತಿದೆ ಎಂದು ಕೇಳಿಸುತ್ತಿರಲಿಲ್ಲ. ಹಿಂದೆ ಕೂತ ಅಪ್ಪ ಕನ್ನಡಿಯಲ್ಲೂ ಕಾಣುತ್ತಿರಲಿಲ್ಲ. ಉಪ್ಪಲ್ ದಾಟುವ ತನಕ ಮೂರು ಸಿಗ್ನಲ್ ಬಂದವು, ಮೂರರಲ್ಲೂ ನಿಂತು ಹೊರಟೆ. ಪಕ್ಕದವರು ಮಾತು ನಿಲ್ಲಿಸಿ ನನ್ನ ಎಡಗಾಲನ್ನೇ ನೋಡುತ್ತಿದ್ದರು.

ಏರು ಶುರುವಾಗುವ ಮೊದಲು ಎಡಕ್ಕೆ ತಗೊಂಡೆ, ನಿಲ್ಲಿಸೋಣ ಎಂದು. ನಿಲ್ಲಿಸಲು ಬಿಡಬೇಕಲ್ಲ. ನನ್ನ ಬೆನ್ನಿಗೇ ಸಿಟಿ ಬಸ್ಸು, ಪಕ್ಕಕ್ಕೆ ಶೇರ್ ಆಟೋಗಳು. ಟ್ರಾಫಿಕ್ ಪೊಲೀಸ್ ಒಬ್ಬ ಮುಂದೆ ಬಂದು, "ಇಕ್ಕಡ ಆಪೊದ್ದು, ಪೋ ಅನ್ನಾ, ಪೋ" ಎಂದು ಕೈ ಬೀಸಿದ. ಇಲ್ಲಿ ನಿಲ್ಲಿಸಬೇಡ ಎಂದರೆ ನಿಲ್ಲಿಸುವ ಹಾಗಿಲ್ಲ. ಹೋದೆ. ಹಸಿರೇ ಇರಲಿ ಎಂದು ನಮ್ಮ ಊರಿನ ಮಾರುತಿಯಿಂದ ಹಿಡಿದು ಚಾಚಾರ ದರ್ಗಾದ ತನಕ ಎಲ್ಲರಿಗೂ ಕೈಮುಗಿದೆ. ಏರಿನ ನಡುಮಧ್ಯೆ ಕೆಂಪು ಬಿತ್ತು.

ಹ್ಯಾಂಡ್‌ಬ್ರೇಕ್ ಎಳೆದೆ. ಲಾರಿಯ ಮೂತಿ ಮೇಲಕ್ಕೆ, ಲೋಡೆಲ್ಲ ಹಿಂದಕ್ಕೆ. ಕಲ್ಲು ಹಗ್ಗದ ಮೇಲೆ ಭಾರ ಹಾಕಿರುತ್ತದೆ, ಹಗ್ಗದ ಆಚೆ ಅಪ್ಪ. ಬಸ್ಸು ನನ್ನ ಹಿಂದೆ ಎಷ್ಟು ಹತ್ತಿರ ಬಂದು ನಿಂತಿತ್ತೆಂದರೆ ಒಂದು ಮೊಳ ಹಿಂದೆ ಬಂದರೂ ಬಡಿಯುತ್ತಿತ್ತು. ಇಳಿದು ಹೋಗು ಯಪ್ಪಾ, ಈಗಲಾದರೂ ಇಳಿ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಅವನು ಇಳಿದದ್ದು ಕನ್ನಡಿಯಲ್ಲಿ ಕಾಣಲಿಲ್ಲ. ಭಯವಾಯಿತು ನನಗೆ, ಅದನ್ನು ಮುಚ್ಚಿಡುವುದಿಲ್ಲ. ಬಾಯಿ ಜೋರಿನವನು ಬಾಗಿಲ ಹಿಡಿಕೆ ಹಿಡಿದು, "ಅವಸರ ಇಲ್ಲೋ ತಮ್ಮಾ" ಎಂದು ಮೊದಲ ಬಾರಿಗೆ ಮೆತ್ತಗೆ ಮಾತಾಡಿದ.

ಹಸಿರು ಬಂತು. ಹಿಂದಿನ ಬಸ್ಸು ತಕ್ಷಣ ಹಾರ್ನ್ ಹೊಡೆಯಿತು. ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಬಿಡುತ್ತ ಬಂದೆ, ಬಲಗಾಲಿನಿಂದ ಸ್ವಲ್ಪವೇ ರೇಸ್ ಕೊಟ್ಟೆ. ಇಂಜಿನ್ ತಗ್ಗಿ ಮಾತಾಡಿತು. ಅಲ್ಲಿ ಕಾಲು ನಿಲ್ಲಿಸಿದೆ. ಬಸ್ಸು ಇನ್ನೊಮ್ಮೆ ಹಾರ್ನ್ ಹೊಡೆಯಿತು. ಹೊಡೆದುಕೋ ಎಂದು ಕಾಲು ಕದಲಿಸಲಿಲ್ಲ. ಕ್ಯಾಬಿನ್ ಕೂದಲೆಳೆಯಷ್ಟು ಮೇಲೆದ್ದ ಹಾಗಾಯಿತು, ಹ್ಯಾಂಡ್‌ಬ್ರೇಕ್ ಇಳಿಸಿದೆ. ಲಾರಿ ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹಾರಲಿಲ್ಲ. ಒಂದು ಕ್ಷಣ ಇದ್ದಲ್ಲೇ ಇತ್ತು. ಆಮೇಲೆ ರಸ್ತೆ ನಡುವಿನ ಕಬ್ಬಿಣದ ಗ್ರಿಲ್ಲು ಒಂದೊಂದೇ ಸರಳು ಹಿಂದೆ ಸರಿಯತೊಡಗಿತು. ಏರಿನ ತುದಿಗೆ ಬಂದು ಸೆಕೆಂಡ್ ಹಾಕುವ ತನಕ ನಾನು ಉಸಿರು ಬಿಟ್ಟಿರಲಿಲ್ಲ. ಬಿಟ್ಟಾಗ ಮೂರು ಜನರದ್ದೂ ಒಟ್ಟಿಗೇ ಬಿಟ್ಟದ್ದು ಕೇಳಿಸಿತು.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಮಾತು ಕೊಟ್ಟು ತಪ್ಪಿದ್ದೆನಲ್ಲ. ನಿಲ್ಲಿಸುತ್ತೇನೆ ಎಂದವನು ನಿಲ್ಲಿಸದೆ ಅಪ್ಪನನ್ನು ಕಲ್ಲಿನ ಹಿಂದೆ ಕೂರಿಸಿಕೊಂಡೇ ಏರು ಹತ್ತಿಸಿದ್ದೆ. ಇನ್ನು ಅವನು ಜನ್ಮದಲ್ಲಿ ನನ್ನ ಗಾಡಿ ಹತ್ತುವುದಿಲ್ಲ ಎಂದು ಖಚಿತವಾಯಿತು. ಆ ಮನೆಯ ಮುಂದೆ ಬೇವಿನ ಮರದ ಕೆಳಗೆ ಲಾರಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಬೈಗುಳಕ್ಕೆ ಕಾದೆ. ಹಿಂದಿನಿಂದ ಸದ್ದಿಲ್ಲ. ಅಪ್ಪ ಯಾವಾಗಲೂ ಗಾಡಿ ನಿಲ್ಲುವ ಮೊದಲೇ ಹಾರಿ ಇಳಿಯುವವನು. ಬರಿಗಾಲಿನಲ್ಲೇ ಓಡಿಹೋಗಿ ಫಾಳಕ ಹತ್ತಿದೆ.

ಅಪ್ಪ ಮೂಲೆಗೆ ಒರಗಿ ಕಾಲು ಚಾಚಿಕೊಂಡು ಮಲಗಿದ್ದ. ಟವೆಲ್ ಮುಖದ ಮೇಲೆ ಅರ್ಧ ಬಂದಿತ್ತು. ಹಗ್ಗ ಹಿಡಿಯುವ ಕೈ ಮಡಿಲಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಸಣ್ಣಗೆ ಗೊರಕೆ ಬೇರೆ. ನಾಲ್ಕು ಗಂಟೆಗೆ ಎದ್ದು ಆ ದೊಡ್ಡ ಕಲ್ಲುಗಳನ್ನೆಲ್ಲ ಹತ್ತಿಸಿದ್ದವನು. ನಾನು ಫಾಳಕ ಹಿಡಿದು ಹಾಗೇ ನಿಂತೆ. ಲೈಸೆನ್ಸ್ ಕೈಗೆ ಬಂದ ದಿನವೂ ಅಷ್ಟು ಹಗುರಾಗಿರಲಿಲ್ಲ ನನ್ನ ಜೀವ.

ನನ್ನ ನೆರಳು ಬಿದ್ದದ್ದಕ್ಕೋ ಏನೋ, ಅಪ್ಪ ಕಣ್ಣು ತೆರೆದ. ಗಡಬಡಿಸಿ ಹಗ್ಗ ಹುಡುಕಿ ಹಿಡಿದುಕೊಂಡ. ಆಮೇಲೆ ಫಾಳಕದ ಕಡೆ ಸರಿಯುತ್ತ ಕೇಳಿದ:

"ಏರು ಬಂತೇನು? ಇಳೀಲೇನು?"